ನೀರು ಒಡೆಯುವ ಸರ್ಕ್ಯೂಟಿನಲ್ಲಿ ಕಾಯಿಲ್ ಎಲ್ಲಿರಬೇಕು

ಬೇಸಿಗೆಯಲ್ಲಿ ನನ್ನ ರಿವೈಂಡಿಂಗ್ ಅಂಗಡಿಯ ಮುಂದೆ ಸುಟ್ಟ ಮೋಟಾರುಗಳು ಸಾಲಾಗಿ ಮಲಗಿರುತ್ತವೆ. ಜಗಳೂರು ಕಡೆ ಬೋರ್‌ವೆಲ್‌ನ ನೀರು ಕೆಳಗಿಳಿದಂತೆ ಪಂಪು ಒಣಗಿ ಓಡುತ್ತದೆ, ವೈಂಡಿಂಗ್ ಕರಿಕಾಗುತ್ತದೆ, ರೈತರು ಅದನ್ನು ಟೆಂಪೋದಲ್ಲಿ ಹೇರಿಕೊಂಡು ದಾವಣಗೆರೆಗೆ ತರುತ್ತಾರೆ. ಹೀಗೆ ಹದಿನೈದು ವರ್ಷಗಳಿಂದ ಬರುತ್ತಿರುವ ಒಬ್ಬ ಹಿರಿಯರು ಕಳೆದ ಬೇಸಿಗೆಯಲ್ಲಿ ಮೋಟಾರಿನ ಜೊತೆಗೆ ಒಂದು ಮೊಬೈಲ್ ವಿಡಿಯೊ ಕೂಡ ತಂದರು. ಗಾಜಿನ ಪಾತ್ರೆಯಲ್ಲಿ ಎರಡು ಸ್ಟೀಲ್ ಕೊಳವೆ, ಪಕ್ಕದಲ್ಲಿ ದಪ್ಪನೆಯ ಕಾಯಿಲ್, ನೀರಿನಲ್ಲಿ ಹಾಲಿನ ನೊರೆಯಂತೆ ಏಳುವ ಗುಳ್ಳೆ. ಸರಿಯಾದ ಕಂಪನದಲ್ಲಿ ಹೊಡೆದರೆ ನೀರು ತಾನಾಗಿ ಹೈಡ್ರೋಜನ್ ಮತ್ತು ಆಕ್ಸಿಜನ್ ಅನಿಲಗಳಾಗಿ ಒಡೆಯುತ್ತದೆ, ಕರೆಂಟೇ ಬೇಕಾಗುವುದಿಲ್ಲ ಎಂದು ಒಬ್ಬರು ವಿವರಿಸುತ್ತಿದ್ದರು.

‘ಈ ಅನಿಲ ಉರಿಸುವ ಕಿಟ್ ಹಾಕಿಸಿದರೆ ಬೈಕು ಅರ್ಧ ಪೆಟ್ರೋಲಿನಲ್ಲಿ ಓಡುತ್ತದಂತೆ. ಮೂವತ್ತೆಂಟು ಸಾವಿರ ಕೇಳುತ್ತಿದ್ದಾರೆ. ಕಾಯಿಲ್ ಸುತ್ತುವವರು ನೀವು, ನೋಡಿ ಹೇಳಿ ಮೇಸ್ತ್ರಿಗಳೇ’ ಎಂದರು.

‘ಗೌಡರೇ, ನೋಡಿ ಹೇಳುವ ಮಾತಲ್ಲ ಇದು, ಕಟ್ಟಿ ಹೇಳಬೇಕು. ಎರಡು ತಿಂಗಳು ಕೊಡಿ, ಅಲ್ಲಿಯವರೆಗೆ ಹಣ ಕೊಡಬೇಡಿ’ ಎಂದೆ.

ಆ ಎರಡು ತಿಂಗಳು ನಾಲ್ಕಾಯಿತು. ಅಕ್ಕನ ಮಗ ಇಲ್ಲಿಯೇ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದಾನೆ. ರಾತ್ರಿ ಅಂಗಡಿಯ ಶಟರ್ ಅರ್ಧ ಎಳೆದ ಮೇಲೆ ನಾವಿಬ್ಬರೂ ಕೂತು ಮಾಡಿದ ಕೆಲಸದ ಲೆಕ್ಕ ಇದು. ಎಣಿಸಿದ್ದು, ಅಳೆದದ್ದು, ಸುಟ್ಟದ್ದು, ಎಲ್ಲವನ್ನೂ ಬರೆದಿದ್ದೇನೆ.

ಕೊಳವೆ

ಮೊದಲ ಕೊಳವೆಗಳನ್ನು ಮೆಟ್ಟಿಲಿನ ಸ್ಟೀಲ್ ರೇಲಿಂಗ್ ಮಾಡುವ ಅಂಗಡಿಯ ತುಂಡುಗಳಿಂದ ತಂದೆವು. ಎರಡೇ ದಿನಕ್ಕೆ ನೀರು ಚಹಾದ ಬಣ್ಣಕ್ಕೆ ತಿರುಗಿತು. ರೇಲಿಂಗಿಗೆ ಹೆಚ್ಚಾಗಿ ಬಳಸುವುದು 202 ದರ್ಜೆಯ ಉಕ್ಕು. ಅದರಲ್ಲಿ ನಿಕ್ಕಲ್ ಕಡಿಮೆ. ಆ ಕಂದು ಕೆಸರನ್ನು ಕೈಯಿಂದ ಮುಟ್ಟಬೇಡಿ, ಚರಂಡಿಗೂ ಸುರಿಯಬೇಡಿ. ಧನ ಎಲೆಕ್ಟ್ರೋಡಿನಿಂದ ಕ್ರೋಮಿಯಂ ವಿಷಕಾರಿ ರೂಪದಲ್ಲಿ ಕರಗಿ ಬರಬಹುದು. ನೀರಿಗೆ ಅಡುಗೆ ಉಪ್ಪು ಹಾಕುವುದಂತೂ ಬೇಡವೇ ಬೇಡ, ಕ್ಲೋರಿನ್ ಅನಿಲ ಬರುತ್ತದೆ. ಡೈರಿ ಯಂತ್ರಗಳ ಕೆಲಸ ಮಾಡುವವರ ಬಳಿ 316 ದರ್ಜೆಯ ಕೊಳವೆ ಸಿಕ್ಕಿತು. ಒಳಗಿನ ಕೊಳವೆಯ ಹೊರ ವ್ಯಾಸ 12.7 ಮಿ.ಮೀ., ಹೊರಗಿನದರ ಒಳ ವ್ಯಾಸ 16.65 ಮಿ.ಮೀ., ಉದ್ದ 100 ಮಿ.ಮೀ. ನಡುವಿನ ಸಂದು ಎರಡು ಮಿಲಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ.

ಒಂದರೊಳಗೊಂದು ನಿಂತ ಎರಡು ಕೊಳವೆಗಳು ವಿದ್ಯುತ್ ಆವೇಶ ಹಿಡಿದಿಡುವ ಕೆಪಾಸಿಟರ್ ಆಗುತ್ತವೆ. ಲೆಕ್ಕ ಹಾಕಿದರೆ ಒಣಗಿದ್ದಾಗ 20.5 ಪಿಕೋಫ್ಯಾರಡ್. ಕಾಯಿಲ್, ಕೆಪಾಸಿಟರ್, ರೋಧ ಮೂರನ್ನೂ ಅಳೆಯುವ ನಮ್ಮ ಎಲ್‌ಸಿಆರ್ ಮೀಟರ್ 24 ತೋರಿಸಿತು. ಹೆಚ್ಚಿನದು ತಂತಿಗಳ ಪಾಲು. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ನಡುವೆ ಗಾಳಿಯ ಬದಲು ಅದಿದ್ದರೆ ಕೆಪಾಸಿಟರ್ ಎಷ್ಟು ಪಟ್ಟಾಗುತ್ತದೆ ಎಂಬ ಅಳತೆ) 25 ಡಿಗ್ರಿಯಲ್ಲಿ ಸುಮಾರು 78 ಇರುವುದರಿಂದ ನೀರು ತುಂಬಿದಾಗ ಅದು 1.6 ನ್ಯಾನೋಫ್ಯಾರಡ್ ಆಗಬೇಕು.

ಇಲ್ಲಿ ಮೊದಲ ಗುಂಡಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತುಂಬಿ ಮೀಟರ್ ಹಚ್ಚಿದರೆ ಅದು 15ರಿಂದ 25 ಮೈಕ್ರೋಫ್ಯಾರಡ್ ನಡುವೆ ಓಲಾಡುತ್ತಾ ಕೂತಿತು. ಲೆಕ್ಕಕ್ಕಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು! ಮೀಟರ್ ಕೆಟ್ಟಿರಬೇಕೆಂದು ಬೇರೆಯದನ್ನು ತಂದು ನೋಡಿದೆವು, ಅದೂ ಅದನ್ನೇ ಹೇಳಿತು. ಕಾರಣ ತಿಳಿಯಲು ಒಂದು ವಾರ ಹಿಡಿಯಿತು. ಆ ನೀರಿನ ವಾಹಕತೆ ಸೆಂಟಿಮೀಟರಿಗೆ 5 ಮೈಕ್ರೋಸೀಮನ್ಸ್. ಅಷ್ಟು ಶುದ್ಧ ನೀರಿನಲ್ಲಿಯೂ ನಮ್ಮ ಕೊಳವೆಗಳ ನಡುವಿನ ರೋಧ 860 ಓಮ್ ಮಾತ್ರ. ಮೀಟರ್ ಬಳಸುವ 1 ಕಿಲೋಹರ್ಟ್ಸ್‌ನಲ್ಲಿ 1.6 ನ್ಯಾನೋಫ್ಯಾರಡ್ ಒಡ್ಡುವ ತಡೆ ಒಂದು ಲಕ್ಷ ಓಮ್‌ನ ಹತ್ತಿರ. ಅಂದರೆ ಮೀಟರ್ ಕಂಡದ್ದು ಅಪ್ಪಟ ರೋಧವನ್ನು, ಪಕ್ಕದಲ್ಲಿ ಕೆಪಾಸಿಟರ್ ಇದೆ ಎಂಬುದರ ನೆರಳನ್ನಷ್ಟೇ. ಸರಣಿ ಜೋಡಣೆ ಎಂದು ನಂಬಿ ಅದನ್ನು ಲೆಕ್ಕ ಹಾಕಿದಾಗ 20 ಮೈಕ್ರೋಫ್ಯಾರಡ್ ಎಂಬ ಸುಳ್ಳು ಸಂಖ್ಯೆ ಹುಟ್ಟಿತು. ಸಮಾನಾಂತರ ಎಂದು ಬದಲಿಸಿ ಅಳೆಯಲು ಹೋದರೆ ಮೀಟರ್ ಕೈಚೆಲ್ಲಿತು. ಈ ಸುಳ್ಳು ಸಂಖ್ಯೆಯನ್ನು ನಂಬಿ ಕಾಯಿಲ್ ಸುತ್ತಿದವರು ಬಹಳ ಮಂದಿ ಇರಬೇಕು.

ಕಾಯಿಲ್

ಕಾಯಿಲ್ ನನ್ನ ಮನೆಯ ವಿದ್ಯೆ. ಊರಿನ ಹತ್ತಿ ಗಿರಣಿಗಳ ಮೋಟಾರು ಕಟ್ಟುತ್ತಿದ್ದ ಹಿರಿಯರ ಕೈಕೆಳಗೆ ಕಲಿತವನು ನಾನು. ತಂತಿಯ ಮೇಲೆ ತಂತಿ ಏರಬಾರದು ಎಂಬ ಪಾಠಕ್ಕೆ ಬೆರಳಿನ ಗಿಣ್ಣಿನ ಮೇಲೆ ಏಟು ತಿಂದಿದ್ದೇನೆ. 1.6 ನ್ಯಾನೋಫ್ಯಾರಡ್ 20 ಕಿಲೋಹರ್ಟ್ಸ್‌ನಲ್ಲಿ ಅನುರಣಿಸಲು, ಅಂದರೆ ಕಾಯಿಲ್ ಮತ್ತು ಕೆಪಾಸಿಟರ್ ನಡುವೆ ಶಕ್ತಿ ಜೋಕಾಲಿಯಂತೆ ತೂಗಲು, 40 ಮಿಲಿಹೆನ್ರಿಯ ಕಾಯಿಲ್ ಬೇಕು. ಹಳೆಯ ಯುಪಿಎಸ್‌ನಿಂದ ತೆಗೆದ ಫೆರೈಟ್ ಕೋರಿಗೆ ಸಂದು ಕೊಟ್ಟು 28 ಗೇಜಿನ ಎನಾಮಲ್ ತಂತಿಯನ್ನು 400 ಸುತ್ತು ಸುತ್ತಿದೆ. ಮೀಟರ್ 40.3 ತೋರಿಸಿತು. ಸಂತೋಷವಾಯಿತು.

ಕಂಪನ ಹುಟ್ಟಿಸುವ ಎಸ್‌ಜಿ 3525 ಐಸಿ, ಐಆರ್ 2110 ಡ್ರೈವರ್, ವೇಗದ ಸ್ವಿಚ್ಚಿನಂತೆ ಕೆಲಸ ಮಾಡುವ ಎರಡು ಮಾಸ್‌ಫೆಟ್, 24 ವೋಲ್ಟ್ ಬ್ಯಾಟರಿ. ಕಾಯಿಲ್ ಮತ್ತು ಕೊಳವೆಗಳನ್ನು ಸರಣಿಯಲ್ಲಿ ಜೋಡಿಸಿ, ಕಂಪನಾಂಕವನ್ನು ಮೆಲ್ಲಗೆ ಏರಿಸುತ್ತಾ ಹೋದೆವು. 20ರಲ್ಲಿ ಏನೂ ಇಲ್ಲ. 30, 40, 50, ಆಸಿಲೋಸ್ಕೋಪಿನ ಗೆರೆ ಕುಗ್ಗುತ್ತಲೇ ಹೋಯಿತು. ಆದರೆ ಕೊಳವೆಯ ಬದಲು ಕಾಯಿಲಿನ ತುದಿಗಳಲ್ಲಿ ಪ್ರೋಬ್ ಇಟ್ಟಾಗ 72 ಕಿಲೋಹರ್ಟ್ಸ್ ಬಳಿ ಗೆರೆ ಥಟ್ಟನೆ ಪರದೆಯ ಮೇಲಂಚಿಗೆ ನೆಗೆಯಿತು. ಅಕ್ಕನ ಮಗ ಎದ್ದು ನಿಂತುಬಿಟ್ಟ: ‘ಮಾವ, ಸಿಕ್ಕಿತು!’

ನನಗೆ ಎಲ್ಲೋ ಅನುಮಾನ. ಕೊಳವೆಯ ತಂತಿಯನ್ನು ಬಿಚ್ಚಿ ಅದರ ಜಾಗಕ್ಕೆ ಬರಿಯ ಒಂದು ರೋಧಕ ಹಾಕಿ ನೋಡು ಎಂದೆ. ಹಾಕಿದ. 72 ಅಲ್ಲೇ ನಿಂತಿತ್ತು. ನೀರೇ ಇಲ್ಲದ ಸರ್ಕ್ಯೂಟಿನಲ್ಲೂ ಅದೇ ಅನುರಣನ. ನಾವು ಹಿಡಿದದ್ದು ಕಾಯಿಲಿನದೇ ದನಿಯನ್ನು. ಸುತ್ತಿನ ಮೇಲೆ ಸುತ್ತು ಕೂತಾಗ ಸುತ್ತುಗಳ ನಡುವೆಯೇ ಒಂದು ಕೆಪಾಸಿಟರ್ ಹುಟ್ಟುತ್ತದೆ. ನನ್ನ ಕಾಯಿಲಿನಲ್ಲಿ ಅದು 120 ಪಿಕೋಫ್ಯಾರಡ್. ಬಾಬಿನ್‌ಗೆ ಅಡ್ಡಗೋಡೆ ಕೂರಿಸಿ, ನಾಲ್ಕು ಕೋಣೆ ಮಾಡಿ ಮತ್ತೆ ಸುತ್ತಿದಾಗ ಅದು 40ಕ್ಕೆ ಇಳಿಯಿತು, ಆ ಸುಳ್ಳು ಶಿಖರ 125 ಕಿಲೋಹರ್ಟ್ಸ್‌ನ ಆಚೆಗೆ ಸರಿಯಿತು. ಇಂಥ ಪ್ರಯೋಗ ಮಾಡುವವರು ಮೊದಲು ನೀರಿನ ಸೆಲ್ಲನ್ನು, ಅಂದರೆ ನೀರು ತುಂಬಿದ ಕೊಳವೆ ಜೋಡಿಯನ್ನು, ಬಿಚ್ಚಿ ನೋಡಬೇಕು. ಸೆಲ್ ಇಲ್ಲದೆಯೂ ಅನುರಣನ ಉಳಿದರೆ ಅದಕ್ಕೂ ನೀರಿಗೂ ಸಂಬಂಧವಿಲ್ಲ.

ನೀರು ಏಕೆ ಹಾಡುವುದಿಲ್ಲ

ನಾಗರ ಪಂಚಮಿಗೆ ಕಟ್ಟುವ ಜೋಕಾಲಿಯನ್ನು ನೆನೆಯಿರಿ. ಸರಿಯಾದ ಹೊತ್ತಿಗೆ ಕಿರುಬೆರಳಿನಿಂದ ನೂಕಿದರೂ ಸಾಕು, ಜೀಕು ಏರುತ್ತಾ ಹೋಗುತ್ತದೆ. ಆದರೆ ಕೂತವನ ಕಾಲು ಕೆಸರಿನಲ್ಲಿ ಎಳೆಯುತ್ತಿದ್ದರೆ ಎಷ್ಟು ತಾಳ ಹಿಡಿದು ನೂಕಿದರೂ ಜೋಕಾಲಿ ಅಲ್ಲೇ ನಿಲ್ಲುತ್ತದೆ. ನೀರಿನಲ್ಲಿರುವ ಅಯಾನುಗಳೇ ಆ ಕೆಸರು. ನಮ್ಮ ಸೆಲ್ಲಿನಲ್ಲಿ 20 ಕಿಲೋಹರ್ಟ್ಸ್‌ಗೆ ಕೆಪಾಸಿಟರಿನ ತಡೆ ಸುಮಾರು 5,000 ಓಮ್, ಅದರ ಪಕ್ಕದಲ್ಲೇ 860 ಓಮ್‌ನ ಸೋರಿಕೆ. ಜೀಕು ಎಷ್ಟು ಹೊತ್ತು ಉಳಿಯುತ್ತದೆ ಎಂದು ಹೇಳುವ ಕ್ಯೂ ಅಂಶ ಇದರಲ್ಲಿ 0.17. ಒಂದಕ್ಕಿಂತ ಬಹಳ ಮೇಲಿದ್ದರೆ ಮಾತ್ರ ಅನುರಣನ ಎನ್ನುವ ಮಾತು. ಅಂಗಡಿಯ ಬೋರ್ ನೀರು 1,500 ಮೈಕ್ರೋಸೀಮನ್ಸ್ ಇದೆ. ಅದನ್ನು ತುಂಬಿದರೆ ರೋಧ ಮೂರು ಓಮ್‌ಗಿಂತ ಕಡಿಮೆಯಾಗುತ್ತದೆ; ಕ್ಯೂ 0.0006.

ಕೊಳವೆಯ ಆಕಾರ ಬದಲಿಸಿದರೆ ಆಗಬಹುದೇ ಎಂದು ಮೂರು ರಾತ್ರಿ ಲೆಕ್ಕ ಹಾಕಿದೆವು. ಆಗುವುದಿಲ್ಲ. ಕೊಳವೆ ಉದ್ದವಾದರೆ ಕೆಪಾಸಿಟರ್ ಎಷ್ಟು ಪಟ್ಟು ಹೆಚ್ಚುತ್ತದೆಯೋ ರೋಧ ಅಷ್ಟೇ ಪಟ್ಟು ಇಳಿಯುತ್ತದೆ. ಸಂದು ಕಿರಿದಾದರೂ ಅಷ್ಟೇ. ಎರಡರ ಗುಣಲಬ್ಧ ನೀರಿನ ಗುಣ, ಕೊಳವೆಯದ್ದಲ್ಲ. ಬ್ಯಾಟರಿ ನೀರು ಸುಮಾರು 115 ಕಿಲೋಹರ್ಟ್ಸ್ ದಾಟಿದ ಮೇಲೆ ಕೆಪಾಸಿಟರಿನಂತೆ ವರ್ತಿಸತೊಡಗುತ್ತದೆ, ನಮ್ಮ ಬೋರ್ ನೀರು ಸುಮಾರು 35 ಮೆಗಾಹರ್ಟ್ಸ್ ದಾಟಿದ ಮೇಲೆ. ಅದಕ್ಕಿಂತ ಕೆಳಗೆ ಎರಡೂ ರೋಧಗಳೇ.

‘ಹಾಗಾದರೆ ಮೇಲಕ್ಕೆ ಹೋಗೋಣ’ ಎಂದ ಅಕ್ಕನ ಮಗ. ಅವನ ಹಠ ಒಳ್ಳೆಯದೇ ಆಯಿತು. 16 ಮೈಕ್ರೋಹೆನ್ರಿಯ ಪುಟ್ಟ ಕಾಯಿಲ್ ಸುತ್ತಿ 1 ಮೆಗಾಹರ್ಟ್ಸ್‌ಗೆ ಹೋದೆವು. ಈ ಬಾರಿ ನಿಜವಾದ ಅನುರಣನ: ಡಿಸ್ಟಿಲ್ಡ್ ನೀರು ತುಂಬಿದ ಸೆಲ್ಲಿನ ಮೇಲೆ ಕೊಟ್ಟದ್ದರ ಐದು ಪಟ್ಟು ವೋಲ್ಟೇಜ್, ಅಚ್ಚುಕಟ್ಟಾದ ಸೈನ್ ಅಲೆ. ಸೆಲ್ ಬಿಚ್ಚಿದರೆ ಮಾಯ, ಕೂರಿಸಿದರೆ ಹಾಜರು. ಅಲ್ಲಿಗೆ ವಿಡಿಯೊದವರು ಹೇಳಿದ ಸ್ಥಿತಿಯನ್ನೇ ಮುಟ್ಟಿದ್ದೆವು. ಟಾರ್ಚ್ ಹಿಡಿದು ಒಂದು ಗಂಟೆ ಕೊಳವೆಯನ್ನೇ ನೋಡಿದೆವು. ಒಂದೇ ಒಂದು ಗುಳ್ಳೆ ಏಳಲಿಲ್ಲ.

ಆ ರಾತ್ರಿ ನನಗೆ ಇಡೀ ವಿಷಯ ತಿಳಿಯಾಯಿತು. ನೀರಿನ ಒಂದು ಅಣು ಒಡೆಯಬೇಕಾದರೆ ಎರಡು ಎಲೆಕ್ಟ್ರಾನುಗಳು ಲೋಹದ ಮೇಲ್ಮೈಯನ್ನು ದಾಟಲೇಬೇಕು. ಲೋಹ ಮತ್ತು ನೀರು ಸೇರುವಲ್ಲಿ ಅಣುವಿನಷ್ಟು ತೆಳುವಾದ ಒಂದು ಪದರವಿದೆ. ಅದರ ಕೆಪಾಸಿಟೆನ್ಸ್ ಚದರ ಸೆಂಟಿಮೀಟರಿಗೆ ಹತ್ತಾರು ಮೈಕ್ರೋಫ್ಯಾರಡ್. ನಮ್ಮ ಕೊಳವೆಯ 40 ಚದರ ಸೆಂಟಿಮೀಟರಿಗೆ ಅದು ನೂರಾರು ಮೈಕ್ರೋಫ್ಯಾರಡ್ ಆಗುತ್ತದೆ. 1 ಮೆಗಾಹರ್ಟ್ಸ್‌ನಲ್ಲಿ ಕರೆಂಟ್ ಅತ್ತಿತ್ತ ಓಡಾಡುವಾಗ ಆ ಪದರದ ಮೇಲೆ ಒಂದು ಮಿಲಿವೋಲ್ಟ್ ಕೂಡ ಏರುವುದಿಲ್ಲ, ಅಷ್ಟರಲ್ಲಿ ದಿಕ್ಕು ಬದಲಾಗಿರುತ್ತದೆ. ನೀರು ಒಡೆಯಲು ಅಲ್ಲಿ ಕನಿಷ್ಠ 1.23 ವೋಲ್ಟ್ ನಿಲ್ಲಬೇಕು. ಇನ್ನೊಂದು ಕಡೆಯಿಂದ ನೋಡಿ: ಅನಿಲವಾಗಿ ಹೊರಬರುವ ಶಕ್ತಿ ಅನುರಣಿಸುವ ಸರ್ಕ್ಯೂಟಿನಿಂದಲೇ ಹೋಗಬೇಕು. ಹೋದರೆ ಅದು ರೋಧದಂತೆ ಕಾಣುತ್ತದೆ, ಜೀಕು ನಿಲ್ಲುತ್ತದೆ. ಸೆಲ್ ಜೋರಾಗಿ ಅನುರಣಿಸುತ್ತಿದೆ ಎಂದರೆ ಅಲ್ಲಿ ನೀರು ಒಡೆಯುತ್ತಿಲ್ಲ ಎಂದೇ ಅರ್ಥ.

ಈ ಕಲ್ಪನೆಯನ್ನು ಜಗತ್ತಿಗೆಲ್ಲ ಹಬ್ಬಿಸಿದವರು ಅಮೆರಿಕದ ಓಹಾಯೋ ರಾಜ್ಯದ ಸ್ಟ್ಯಾನ್ಲಿ ಮೇಯರ್. 1990ರಲ್ಲಿ ಅವರಿಗೆ ಇದಕ್ಕೆ ಪೇಟೆಂಟ್ ಕೂಡ ಸಿಕ್ಕಿತ್ತು. ಹಣ ಹೂಡಿದ್ದ ಇಬ್ಬರು ನ್ಯಾಯಾಲಯಕ್ಕೆ ಹೋದಾಗ ತಜ್ಞರು ಸೆಲ್ ಪರೀಕ್ಷಿಸಿ, ಇದರಲ್ಲಿ ಕರೆಂಟ್ ಹರಿಸಿ ನೀರು ಒಡೆಯುವ ಸಾಮಾನ್ಯ ವಿದ್ಯುದ್ವಿಭಜನೆಯಷ್ಟೇ ನಡೆಯುತ್ತಿದೆ ಎಂದರು. 1996ರಲ್ಲಿ ಅದನ್ನು ಘೋರ ವಂಚನೆ ಎಂದು ಕರೆದ ನ್ಯಾಯಾಲಯ 25,000 ಡಾಲರ್ ಮರಳಿಸಲು ಆದೇಶಿಸಿತು. ಪೇಟೆಂಟ್ ಇದೆ ಎಂಬುದು ಯಂತ್ರ ಕೆಲಸ ಮಾಡುತ್ತದೆ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಇಪ್ಪತ್ತೆರಡು ಶೇಕಡಾ ಹೆಚ್ಚು ಅನಿಲ ಬಂದಾಗ ನಾವೂ ಒಂದು ದಿನ ಅದೇ ದಾರಿಯಲ್ಲಿ ಹೋಗುತ್ತಿದ್ದೆವು.

ಹೆಚ್ಚು ಬಂದ ಅನಿಲ

ಆ ದಿನದ ಲೆಕ್ಕ ಹೀಗಿದೆ. ಕಾಯಿಲ್ ತೆಗೆದು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಮತ್ತು ಮಾಸ್‌ಫೆಟ್ ಮಾತ್ರ ಇಟ್ಟು, ಸೆಕೆಂಡಿಗೆ ಹತ್ತು ಸಾವಿರ ಬಾರಿ ನೀರಿಗೆ ಹೊಡೆದು ನೋಡುವುದೆಂದು ನಿಶ್ಚಯಿಸಿದೆವು. ಬೋರ್ ನೀರಿನಲ್ಲಿ ಋಣ ಕೊಳವೆಗೆ ಬಿಳಿ ಸುಣ್ಣ ಕಟ್ಟುತ್ತದೆ, ಹೀಗಾಗಿ ಡಿಸ್ಟಿಲ್ಡ್ ನೀರಿಗೆ ಲೀಟರಿಗೆ ಸುಮಾರು 0.3 ಗ್ರಾಂ ಕಾಸ್ಟಿಕ್ ಪೊಟ್ಯಾಷ್ ಹಾಕಿ ಬೋರ್ ನೀರಿನಷ್ಟೇ ವಾಹಕತೆ ತಂದೆವು. ಒಮ್ಮೆ ನೆಟ್ಟಗೆ ಡಿಸಿ, ಸರಾಸರಿ 0.5 ಆಂಪಿಯರ್. ಇನ್ನೊಮ್ಮೆ ಹೊಡೆತ, ಕಾಲು ಭಾಗ ಹೊತ್ತು ಮಾತ್ರ ಚಾಲು, ಸರಾಸರಿ ಅದೇ 0.5. ಎರಡಕ್ಕೂ ಅರ್ಧ ಗಂಟೆ. ಅನಿಲವನ್ನು ನೀರಿನಲ್ಲಿ ಬೋರಲು ಹಾಕಿದ ಅಳತೆಯ ಗಾಜಿನಲ್ಲಿ ಹಿಡಿದೆವು.

ಡಿಸಿಯಲ್ಲಿ 191 ಮಿಲಿಲೀಟರ್, ಹೊಡೆತದಲ್ಲಿ 188. ಎರಡೂ ಒಂದೇ ಎನ್ನಬಹುದು. ಆದರೆ ಅಕ್ಕನ ಮಗ ಒಂದು ಮೋಲ್ ಅನಿಲಕ್ಕೆ ಪುಸ್ತಕದ 22.4 ಲೀಟರ್ ಹಿಡಿದು ಲೆಕ್ಕ ಮಾಡಿದಾಗ ಬರಬೇಕಾದ್ದು 157 ಮಿಲಿಲೀಟರ್ ಮಾತ್ರ. ಹರಿದ ಕರೆಂಟಿಗೆ ತಕ್ಕಷ್ಟೇ ಅನಿಲ ಎನ್ನುವ ಫ್ಯಾರಡೆಯ ನಿಯಮ ಕೊಡುವುದಕ್ಕಿಂತ ಶೇಕಡಾ 22 ಹೆಚ್ಚು! 1830ರ ದಶಕದಿಂದ ಸುಳ್ಳಾಗದ ನಿಯಮ ನಮ್ಮ ಅಂಗಡಿಯಲ್ಲಿ ಸುಳ್ಳಾಗಲು ಕಾರಣವಿಲ್ಲ ಎಂದು ಗೊತ್ತಿದ್ದರೂ ನನಗೂ ಎದೆ ಬಡಿದುಕೊಂಡದ್ದು ನಿಜ.

ಕಾರಣಗಳು ಮೂರು. ಪುಸ್ತಕದ 22.4 ಸೊನ್ನೆ ಡಿಗ್ರಿಯ ಸಂಖ್ಯೆ, ಅಂಗಡಿಯಲ್ಲಿ 30 ಡಿಗ್ರಿ ಇತ್ತು. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ 943 ಹೆಕ್ಟೋಪಾಸ್ಕಲ್ ಆಸುಪಾಸು, 1,013 ಅಲ್ಲ. ಮೂರನೆಯದು ಮರೆತೇಹೋಗುವಂಥದ್ದು: ನೀರಿನ ಮೇಲೆ ಹಿಡಿದ ಅನಿಲದಲ್ಲಿ ನೀರಾವಿಯೂ ಇರುತ್ತದೆ, 30 ಡಿಗ್ರಿಯಲ್ಲಿ ಅದರ ಪಾಲು 42 ಹೆಕ್ಟೋಪಾಸ್ಕಲ್. ಇವೆಲ್ಲವನ್ನೂ ಸೇರಿಸಿದರೆ ನಮ್ಮೂರಿನಲ್ಲಿ ಒಂದು ಮೋಲ್ ಅನಿಲ 28 ಲೀಟರ್ ಜಾಗ ಹಿಡಿಯುತ್ತದೆ, ಬರಬೇಕಾದ ಅನಿಲ 196 ಮಿಲಿಲೀಟರ್ ಆಗುತ್ತದೆ. ನಮಗೆ ಬಂದದ್ದು 191. ಅಲ್ಲಿಗೆ ಎಲ್ಲವೂ ನೆಲಕ್ಕೆ ಇಳಿಯಿತು. ಇಂತಿಷ್ಟು ಶೇಕಡಾ ಹೆಚ್ಚು ಅನಿಲ ಎಂದು ಯಾರಾದರೂ ತೋರಿಸಿದರೆ ಮೊದಲು ಅವರ ಊರಿನ ಎತ್ತರ ಮತ್ತು ನೀರಿನ ಉಷ್ಣತೆ ಕೇಳಬೇಕು.

ಹೊಡೆತದಿಂದ ಲಾಭವಿಲ್ಲ ಎಂದಷ್ಟೇ ಹೇಳಿದರೆ ಪೂರ್ತಿ ಹೇಳಿದಂತಾಗುವುದಿಲ್ಲ, ಅದರಿಂದ ನಷ್ಟವಿದೆ. ಡಿಸಿಯಲ್ಲಿ ಸೆಲ್ 3.5 ವೋಲ್ಟಿನಲ್ಲಿ ಓಡಿತು, 1.75 ವಾಟ್. ಹೊಡೆತದಲ್ಲಿ ಅದೇ ಸರಾಸರಿ ಬರಲು ಚಾಲು ಇರುವಾಗ 2 ಆಂಪಿಯರ್ ಹರಿಯಬೇಕು, ಅದಕ್ಕೆ 8 ವೋಲ್ಟ್ ಬೇಕಾಯಿತು, ಒಟ್ಟು 4 ವಾಟ್. ಅನಿಲ ಮಾಡುವುದು ಕರೆಂಟಿನ ಸರಾಸರಿ. ನೀರು ಕಾಯಿಸುವುದು ಕರೆಂಟಿನ ವರ್ಗದ ಸರಾಸರಿ. ಕಾಲು ಹೊತ್ತು ಮಾತ್ರ ಹೊಡೆದರೆ ರೋಧದಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟಾಗುತ್ತದೆ. ವಿಡಿಯೊದಲ್ಲಿ ಕಂಡ ಹಾಲಿನ ನೊರೆಯೂ ಹೀಗೆಯೇ: ಡಯೋಡ್ ದಾಟಿ ಬಂದ ಸರಾಸರಿ ಕರೆಂಟಿನ ಫಲ. ಕಾಯಿಲ್ ಅಲ್ಲಿ ಸುಮ್ಮನೆ ನಿಂತಿತ್ತು.

ಕಾಯಿಲಿನ ಜಾಗ

ಇಷ್ಟಕ್ಕೆ ಗೌಡರಿಗೆ ಉತ್ತರ ಸಿಕ್ಕಿತ್ತು. ಆದರೂ ನನಗೆ ಕೆಲಸ ಬಿಡಲು ಮನಸ್ಸಾಗಲಿಲ್ಲ. ಸೆಲ್ಲಿಗೆ ಬೇಕಾದ್ದು ಕಡಿಮೆ ವೋಲ್ಟೇಜು, ಹೆಚ್ಚು ಕರೆಂಟು, ಅಲುಗಾಡದ ಡಿಸಿ. ಮೇಲಿನ ಪ್ರಯೋಗದಲ್ಲಿ ಮಾಸ್‌ಫೆಟ್‌ಗಳು ಕೈ ಸುಡುವಷ್ಟು ಕಾದಿದ್ದವು. ವೋಲ್ಟೇಜ್ ಮತ್ತು ಕರೆಂಟ್ ಎರಡೂ ಇರುವಾಗ ಸ್ವಿಚ್ ಮಾಡಿದರೆ ಪ್ರತಿ ಬಾರಿಯೂ ಶಕ್ತಿ ಸೋರುತ್ತದೆ. ಅನುರಣನ ನಿಜವಾಗಿ ದುಡಿಯುವುದು ಇಲ್ಲಿ. ನೀರಿಗಿಂತ ಮುಂಚೆ, ಬ್ಯಾಟರಿಯ ಕರೆಂಟನ್ನು ಸೆಲ್ಲಿಗೆ ತಕ್ಕಂತೆ ಬದಲಿಸುವ ಕನ್ವರ್ಟರಿನ ಒಳಗೆ ಅದನ್ನು ಕೂರಿಸಿದರೆ ಮಾಸ್‌ಫೆಟ್ ಮೇಲಿನ ವೋಲ್ಟೇಜ್ ಸೊನ್ನೆಗೆ ಬಂದ ಕ್ಷಣದಲ್ಲಿ ಅದು ಚಾಲು ಆಗುತ್ತದೆ. ಬಹಳಷ್ಟು ಟಿವಿ, ಕಂಪ್ಯೂಟರ್, ವಿದ್ಯುತ್ ವಾಹನಗಳ ಚಾರ್ಜರ್‌ಗಳಲ್ಲಿ ಎಲ್‌ಎಲ್‌ಸಿ ಎಂದು ಕರೆಯುವ ಇಂಥ ಕನ್ವರ್ಟರ್‌ಗಳು ಇರುತ್ತವೆ.

ಸೆಲ್ಲನ್ನೂ ಹೊಸದಾಗಿ ಕಟ್ಟಿದೆವು. 316 ದರ್ಜೆಯ ಏಳು ತಗಡು, ನಡುವೆ 3 ಮಿ.ಮೀ. ರಬ್ಬರ್ ಗ್ಯಾಸ್ಕೆಟ್, ಸರಣಿಯಲ್ಲಿ ಆರು ಸೆಲ್, ಪ್ರತಿಯೊಂದಕ್ಕೂ 100 ಚದರ ಸೆಂಟಿಮೀಟರ್. ದ್ರಾವಣ ತೂಕದಲ್ಲಿ ಶೇಕಡಾ 25 ಕಾಸ್ಟಿಕ್ ಪೊಟ್ಯಾಷ್. ಪೊಟ್ಯಾಷನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಪೊಟ್ಯಾಷಿನ ಮೇಲೆ ನೀರು ಸುರಿಯಬಾರದು. ಕುದಿದು ಮುಖಕ್ಕೆ ಸಿಡಿಯುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಆ ಡಬ್ಬಿಯ ಮುಚ್ಚಳ ತೆಗೆಯಲು ಅಕ್ಕನ ಮಗನಿಗೆ ನಾನು ಬಿಟ್ಟಿಲ್ಲ.

ಕನ್ವರ್ಟರಿಗೆ 48 ವೋಲ್ಟ್ ಬ್ಯಾಟರಿ ಸಾಲು. ಅನುರಣನದ ಕೆಪಾಸಿಟರ್ 0.47 ಮೈಕ್ರೋಫ್ಯಾರಡ್‌ನ ಮೂರು ಪಾಲಿಪ್ರೊಪಿಲೀನ್, ಒಟ್ಟು 1.41. ಕಾಯಿಲ್ 3.6 ಮೈಕ್ರೋಹೆನ್ರಿ. ಎರಡೂ ಸೇರಿ 70.6 ಕಿಲೋಹರ್ಟ್ಸ್. ಎಸ್‌ಜಿ 3525 ತನ್ನ ಆಸಿಲೇಟರನ್ನು ಎರಡಕ್ಕೆ ಭಾಗಿಸಿ ಹೊರಗೆ ಕೊಡುತ್ತದೆ, ಆದ್ದರಿಂದ ಒಳಗೆ 141 ಇಡಬೇಕು; ಇದನ್ನು ಮರೆತು ಒಂದು ಸಂಜೆ ಕಳೆದೆವು. ಟ್ರಾನ್ಸ್‌ಫಾರ್ಮರ್ ಇಟಿಡಿ 39 ಕೋರಿನ ಮೇಲೆ, ಪ್ರೈಮರಿ 9 ಸುತ್ತು, ಸೆಕೆಂಡರಿ ನಡು ತುದಿಯೊಂದಿಗೆ 5 ಮತ್ತು 5. ಪ್ರೈಮರಿಯ ಇಂಡಕ್ಟೆನ್ಸ್ 18 ಮೈಕ್ರೋಹೆನ್ರಿಗೆ ಬರಬೇಕು. ಮದುವೆ ಕರೆಯೋಲೆಯ ದಪ್ಪ ಕಾಗದವನ್ನು ಕೋರಿನ ಎರಡು ಭಾಗಗಳ ನಡುವೆ ಇಟ್ಟು, ಉಜ್ಜಿ, ಮತ್ತೆ ಇಟ್ಟು 0.35 ಮಿ.ಮೀ.ಗೆ ತಂದಾಗ ಮೀಟರ್ 18.2 ಎಂದಿತು.

ತಂತಿಯ ವಿಷಯ ಹೇಳಲೇಬೇಕು. ನಾನು ಮೊದಲು ಅಭ್ಯಾಸದಂತೆ ದಪ್ಪ ತಂತಿ ಸುತ್ತಿದೆ. ಹತ್ತು ನಿಮಿಷಕ್ಕೆ ವಾರ್ನಿಶ್ ವಾಸನೆ. 50 ಹರ್ಟ್ಸ್ ಮೋಟಾರಿನಲ್ಲಿ ಕರೆಂಟ್ ತಂತಿಯ ಮೈಯೆಲ್ಲ ಹರಿಯುತ್ತದೆ, 70 ಕಿಲೋಹರ್ಟ್ಸ್‌ನಲ್ಲಿ ತಾಮ್ರದ ಮೇಲ್ಮೈಯ ಕಾಲು ಮಿಲಿಮೀಟರಿನಲ್ಲಿ ಮಾತ್ರ. ಒಳಗಿನ ತಾಮ್ರಕ್ಕೆ ಕೊಟ್ಟ ಹಣ ವ್ಯರ್ಥ. 36 ಗೇಜಿನ 40 ಎಳೆಗಳನ್ನು ಅಂಗಡಿಯ ಉದ್ದಕ್ಕೂ ಚಾಚಿ, ಒಂದು ತುದಿಯನ್ನು ಕಿಟಕಿಯ ಸರಳಿಗೆ, ಇನ್ನೊಂದನ್ನು ಡ್ರಿಲ್ಲಿಂಗ್ ಯಂತ್ರಕ್ಕೆ ಸಿಕ್ಕಿಸಿ ಹೊಸೆದೆವು. ಮೂವತ್ತು ವರ್ಷ ತಂತಿ ಸುತ್ತಿದ ಕೈಗೆ ಆ ಹಗ್ಗದಂಥ ತಾಮ್ರ ಬೇರೆಯೇ ಹಿತ ಕೊಟ್ಟಿತು.

ಮೊದಲ ಓಟ: ಒಳಗೆ 48 ವೋಲ್ಟ್, 2.8 ಆಂಪಿಯರ್, 134 ವಾಟ್. ಹೊರಗೆ 12.4 ವೋಲ್ಟ್, 10 ಆಂಪಿಯರ್, 124 ವಾಟ್. ನೂರಕ್ಕೆ 92 ಭಾಗ ದಾಟಿತು. ಅರ್ಧ ಗಂಟೆಯ ನಂತರವೂ ಮಾಸ್‌ಫೆಟ್‌ಗಳ ಹೀಟ್‌ಸಿಂಕ್ ಮೇಲೆ ಅಂಗೈ ಇಡಬಹುದಿತ್ತು. ಒಂದು ಲೀಟರ್ ಅಳತೆಯ ಬಾಟಲಿ 80 ಸೆಕೆಂಡಿಗೆ ತುಂಬಿತು, ಗಂಟೆಗೆ 45 ಲೀಟರ್ ಮಿಶ್ರ ಅನಿಲ. ಫ್ಯಾರಡೆಯ ಲೆಕ್ಕ 47. ಕೊರತೆಗೆ ಕಾರಣ ತಗಡಿನ ತೂತುಗಳ ಮೂಲಕ ಸೆಲ್ ತಪ್ಪಿಸಿ ನುಸುಳುವ ಕರೆಂಟು.

ಒಂದು ಏಟು

ಈ ಮಿಶ್ರಣದಲ್ಲಿ ಹೈಡ್ರೋಜನ್ ಮತ್ತು ಆಕ್ಸಿಜನ್ ಉರಿಯಲು ಬೇಕಾದ ಪ್ರಮಾಣದಲ್ಲೇ ಇರುತ್ತವೆ. ಕೂಡಿಡುವ ಅನಿಲವಲ್ಲ ಇದು. ಬಾಟಲಿಯಲ್ಲಿ, ಬಲೂನಿನಲ್ಲಿ, ಟ್ಯೂಬಿನಲ್ಲಿ ಎಲ್ಲಿಯೂ ಇಡಬಾರದು. ಹುಟ್ಟಿದ ಕೂಡಲೇ ಉರಿಯಬೇಕು. ಉರಿ ಹಿಂದಕ್ಕೆ ಸೆಲ್ಲಿಗೆ ಬರದಂತೆ, ಅನಿಲ ಗುಳ್ಳೆಗಳಾಗಿ ಹಾಯುವ ನೀರಿನ ಪಾತ್ರೆಯೊಂದನ್ನು (ಬಬ್ಲರ್) ನಾವು ನಡುವೆ ಇಟ್ಟಿದ್ದೆವು. ಒಂದು ಸಂಜೆ ಅನಿಲದ ಕೊಳವೆಯ ಮೂತಿಯಲ್ಲಿ ಉರಿ ಇರುವಾಗಲೇ ಕನ್ವರ್ಟರ್ ಆರಿಸಿದೆ. ಅನಿಲದ ಓಟ ನಿಂತೊಡನೆ ಉರಿ ಕೊಳವೆಯೊಳಗೆ ಹಿಂದಕ್ಕೆ ಹಾರಿತು. ಬಬ್ಲರಿನಲ್ಲಿ ನೀರು ಕಡಿಮೆಯಾಗಿದ್ದರಿಂದ ಮೇಲಿನ ಖಾಲಿ ಜಾಗದಲ್ಲಿ ಅನಿಲ ಜಾಸ್ತಿ ಕೂಡಿತ್ತು. ಮುಚ್ಚಳ ಹಾರಿ ತಗಡಿನ ಮಾಡಿಗೆ ಬಡಿಯಿತು. ನನ್ನ ಎಡಗಿವಿ ಎರಡು ದಿನ ಗುಂಯ್ಗುಟ್ಟಿತು. ಅಕ್ಕನ ಮಗ ಆ ಹೊತ್ತಿಗೆ ಮಂಡಕ್ಕಿ ಮೆಣಸಿನಕಾಯಿ ತರಲು ಹೋಗಿದ್ದ. ಅವನು ಅಲ್ಲಿ ಬಗ್ಗಿ ಕೂತಿದ್ದರೆ ಎಂಬ ಯೋಚನೆ ಈಗಲೂ ನಿದ್ದೆಗೆಡಿಸುತ್ತದೆ.

ಈಗ ಎರಡು ಬಬ್ಲರ್, ಎರಡರಲ್ಲೂ ನೀರಿನ ಮೇಲೆ ಎರಡು ಬೆರಳಿಗಿಂತ ಹೆಚ್ಚು ಖಾಲಿ ಜಾಗ ಇಲ್ಲ, ಮುಚ್ಚಳದ ಬದಲು ಸಡಿಲ ರಬ್ಬರ್ ಬಿರಡೆ, ಮೂತಿಯ ಹಿಂದೆ ಉರಿ ಹಿಂದಕ್ಕೆ ಹಾರದಂತೆ ತಡೆಯುವ ಸಿದ್ಧ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್. ನೀರಿನ ಮಟ್ಟ ಇಳಿದರೆ ಫ್ಲೋಟ್ ಸ್ವಿಚ್ ಎಚ್ಚರಿಸುತ್ತದೆ. ಉರಿಯನ್ನು ಮೂತಿಯಲ್ಲೇ, ಒದ್ದೆ ಬಟ್ಟೆಯಿಂದ ಚಿವುಟಿ ಆರಿಸಿದ ಮೇಲೆ ಕರೆಂಟ್ ತೆಗೆಯುವುದು. ಕೆಲಸ ಹೊರಗಿನ ಜಗಲಿಯಲ್ಲಿ ಮಾತ್ರ.

ಗೌಡರ ಲೆಕ್ಕ

ಗೌಡರು ಬಂದ ದಿನ ಕಾಗದದ ಮೇಲೆ ಬರೆದು ತೋರಿಸಿದೆ. ನಮ್ಮ ಸೆಲ್ ಗಂಟೆಗೆ ಸುಮಾರು 2.2 ಗ್ರಾಂ ಹೈಡ್ರೋಜನ್ ಕೊಡುತ್ತದೆ. ಅದರ ಶಾಖ 72 ವಾಟ್-ಗಂಟೆ. ಒಂದು ಲೀಟರ್ ಪೆಟ್ರೋಲಿನ ಶಾಖ ಸುಮಾರು 8,900 ವಾಟ್-ಗಂಟೆ. ಅಂದರೆ ಗಂಟೆಯ ಅನಿಲ 8 ಮಿಲಿಲೀಟರ್ ಪೆಟ್ರೋಲಿಗೆ ಸಮ. ಅದಕ್ಕೆ ಬೇಕಾದ 134 ವಾಟ್‌ ಬೈಕಿನ ಎಂಜಿನ್ನಿನಿಂದಲೇ ಬರಬೇಕಾದರೆ, ಎಂಜಿನ್ನು ಮತ್ತು ಜನರೇಟರಿನ ಸೋರಿಕೆ ಸೇರಿ ಗಂಟೆಗೆ ನೂರು ಮಿಲಿಲೀಟರಿಗೂ ಹೆಚ್ಚು ಪೆಟ್ರೋಲ್ ಸುಡಬೇಕು. ಮನೆಯ ಕರೆಂಟಿನಿಂದ ಮಾಡಿದರೂ ಒಂದು ಲೀಟರ್ ಪೆಟ್ರೋಲಿನಷ್ಟು ಶಾಖಕ್ಕೆ 16ಕ್ಕೂ ಹೆಚ್ಚು ಯೂನಿಟ್ ಬೇಕು.

‘ನೂರು ಕೊಟ್ಟು ಎಂಟು ತರುವ ವ್ಯಾಪಾರ’ ಎಂದರು ಗೌಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಸರ್ಕಾರ ಹೈಡ್ರೋಜನ್ ಮಾಡುತ್ತೇವೆ ಎನ್ನುವುದು?’ ಎಂದು ಕೇಳಿದರು.

ಕೇಳಬೇಕಾದ ಪ್ರಶ್ನೆಯೇ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೆನಪಿಸಿದೆ. ಗಾಳಿ ಜೋರಾಗಿರುವಾಗ, ಬೇಡಿಕೆ ಇಲ್ಲದ ಹೊತ್ತಿನಲ್ಲಿ ಹುಟ್ಟಿದ ಕರೆಂಟನ್ನು ಹೈಡ್ರೋಜನ್ ಮಾಡಿಟ್ಟರೆ ಗೊಬ್ಬರದ ಕಾರ್ಖಾನೆಗೆ, ಉಕ್ಕಿನ ಕುಲುಮೆಗೆ ಅದು ಬೇಕು. ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿದ ಹಸಿರು ಹೈಡ್ರೋಜನ್ ಯೋಜನೆಯ ಗುರಿ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್. ಅಲ್ಲಿಯೂ ಕಿಲೋ ಹೈಡ್ರೋಜನ್ನಿಗೆ ಐವತ್ತಕ್ಕೂ ಹೆಚ್ಚು ಯೂನಿಟ್ ಕರೆಂಟ್ ಹಾಕಲೇಬೇಕು. ನಮ್ಮ ಅಂಗಡಿಯ ಸೆಲ್ಲಿಗೆ 62 ಬೀಳುತ್ತದೆ. ಆ ಸಂಖ್ಯೆ ನೋಡಿ ನನಗೆ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಗೌಡರು ಕಿಟ್ ಕೊಳ್ಳಲಿಲ್ಲ. ಅವರ ಮೋಟಾರಿನ ವೈಂಡಿಂಗ್ ಅಷ್ಟರಲ್ಲಿ ಮುಗಿದಿತ್ತು, ತುದಿಗಳನ್ನು ಬೆಸೆಯುವುದು ಬಾಕಿ. 19 ಗೇಜಿನ ಎರಡು ತಾಮ್ರದ ತುದಿಗಳನ್ನು ಹೊಸೆದು, ತಾಮ್ರ ಬೆಸೆಯುವ ಫಾಸ್-ಕಾಪರ್ ಕಡ್ಡಿ ಹಿಡಿದು, ಜಗಲಿಯಲ್ಲಿ ನೀರಿನ ಉರಿಯನ್ನು ಹೊತ್ತಿಸಿದೆ. ಸೂಜಿಯಷ್ಟು ಸಣ್ಣ, ಹಗಲಿನಲ್ಲಿ ಕಣ್ಣಿಗೆ ಕಾಣದಂಥ ಉರಿ. ತಾಮ್ರ ಕೆಂಪಾಗಿ, ಕಡ್ಡಿ ಕರಗಿ ಎಳೆಗಳ ನಡುವೆ ಹರಿಯಿತು. ಪಕ್ಕದ ಎನಾಮಲ್ ಒಂದು ಬೆರಳಿನ ಆಚೆ ಕಪ್ಪಾಗಲಿಲ್ಲ. ಗ್ಯಾಸ್ ಟಾರ್ಚಿನಲ್ಲಿ ಮೂರು ಬೆರಳು ಸುಡುತ್ತಿತ್ತು. ಇದಕ್ಕಿಂತ ದಪ್ಪ ತಂತಿಗೆ ಈ ಉರಿ ಸಾಲದು.

ಕನ್ವರ್ಟರಿನಲ್ಲಿ ಹೋಗುತ್ತಿರುವ 10 ವಾಟ್‌ಗಳಲ್ಲಿ ಅರ್ಧದಷ್ಟು ಶಾಟ್ಕಿ ಡಯೋಡುಗಳಲ್ಲೇ ಹೋಗುತ್ತಿದೆ. ಅವುಗಳ ಜಾಗಕ್ಕೆ ಮಾಸ್‌ಫೆಟ್ ಕೂರಿಸುವ ಬೋರ್ಡನ್ನು ಅಕ್ಕನ ಮಗ ಬಿಡಿಸುತ್ತಿದ್ದಾನೆ. ದಸರಾ ರಜೆಗೆ ಅದನ್ನು ಬೆಸೆಯುತ್ತೇವೆ.